ಲಿಂಕನ್ ಕಾಂಟಿನೆಂಟಲ್ ಕೂಪೆ ಕೊಳ್ಳುವ ಮುಂಚೆ ಅದರ ಅಡಿಭಾಗ ನೋಡಿ

ಹಳೇ ಅಮೆರಿಕನ್ ಕಾರುಗಳ ಹುಚ್ಚು ಇರುವವರು ದಯವಿಟ್ಟು ಇದನ್ನು ಓದಿ. ನಾನಿರುವುದು ಮಿಶಿಗನ್‌ನಲ್ಲಿ. ಹೋದ ವರ್ಷ ಬೇರೆ ರಾಜ್ಯದ ಒಬ್ಬ ವ್ಯಾಪಾರಿಯಿಂದ ಲಿಂಕನ್ ಕಾಂಟಿನೆಂಟಲ್ ಕೂಪೆ (ಎರಡು ಬಾಗಿಲಿನ, ಗಟ್ಟಿ ಚಾವಣಿಯ ಕಾರು) ಕೊಂಡು ಕೈ ಸುಟ್ಟುಕೊಂಡೆ.

ಜಾಹೀರಾತಿನಲ್ಲಿ ಹೀಗಿತ್ತು: 1940ರ ಮಾಡೆಲ್, ಆ ವರ್ಷ ತಯಾರಾದ 54 ಕೂಪೆಗಳಲ್ಲಿ ಒಂದು, ಮೂಲ ವಿ-12 (ಹನ್ನೆರಡು ಸಿಲಿಂಡರಿನ) ಎಂಜಿನ್. ಫೋರ್ಡ್ ಕಂಪನಿಯ ಅಂದಿನ ಅಧ್ಯಕ್ಷ ಎಡ್ಸೆಲ್ ಫೋರ್ಡ್ ತನಗೆಂದು ಮಾಡಿಸಿಕೊಂಡ ಕಾರಿನಿಂದ ಹುಟ್ಟಿದ ಮಾಡೆಲ್ ಇದು. ಉದ್ದನೆಯ ಬಾನೆಟ್, ಹಿಂದೆ ನೆಟ್ಟಗೆ ನಿಂತ ಸ್ಟೆಪ್ನಿ. ಫೋಟೋ ನೋಡಿಯೇ ಸೋತುಹೋದೆ. ಕಾರನ್ನು ಕಣ್ಣಾರೆ ನೋಡದೆ ಪೂರ್ತಿ ದುಡ್ಡು ಕಳಿಸಿದೆ. ‘ಇದ್ದ ಹಾಗೇ ಮಾರಾಟ’ ಅನ್ನುವ ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಕಾರು ಲಾರಿಯಿಂದ ಇಳಿದ ದಿನ, ಹಳೇ ಕಾರುಗಳನ್ನು ಬಲ್ಲ ಗೆಳೆಯರೊಬ್ಬರು ಗುಂಡಿ ಒತ್ತಿ ಬಾಗಿಲು ತೆರೆದರು. ಆಮೇಲೆ ಸುಮ್ನೆ ನನ್ನ ಮುಖ ನೋಡಿದರು. 1940ರ ಕಾರಿಗೆ ಹೊರಗಡೆ ಹಿಡಿಕೆ ಇರುತ್ತದೆ. ಒತ್ತುವ ಗುಂಡಿ ಬಂದಿದ್ದು 1941ರ ಮಾಡೆಲ್‌ಗೆ. ಆ ವರ್ಷ 850 ಕೂಪೆ ತಯಾರಾಗಿದ್ದವು. ಹೊಸ ಮಾಡೆಲ್ ಹಿಂದಿನ ವರ್ಷದ ಕೊನೆಗೇ ಮಾರಾಟಕ್ಕೆ ಬರುತ್ತಿತ್ತು, ಆಗ ಕೆಲವು ಕಡೆ ಮಾರಾಟವಾದ ವರ್ಷವನ್ನೇ ದಾಖಲೆಯಲ್ಲಿ ಬರೆಯುತ್ತಿದ್ದರು, ಹಾಗಾಗಿ ಕಾಗದದಲ್ಲಿ 1940 ಅಂತ ಇದ್ದರೂ ನಂಬಬೇಡಿ. ಬಾಗಿಲು ನೋಡಿ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನಿಜವಾದ ಪೆಟ್ಟು ಬಿದ್ದಿದ್ದು ಜಾಕಿ ಹಾಕಿದಾಗ. ಚಕ್ರ ನೆಲ ಬಿಡುತ್ತಿದ್ದಂತೆ ಬಾಗಿಲ ಸಂದು ಮೇಲ್ಗಡೆ ಕಿರಿದಾಯಿತು. ತೆರೆದಿದ್ದ ಬಾಗಿಲು ಮತ್ತೆ ಮುಚ್ಚಲೇ ಇಲ್ಲ. ಈ ಕಾರಿಗೆ ಬೇರೆ ಷಾಸಿ (ಭಾರ ಹೊರುವ ಕೆಳಗಿನ ಚೌಕಟ್ಟು) ಇಲ್ಲ. ಬಾಡಿ, ಫ್ಲೋರ್ ಎಲ್ಲ ಸೇರಿಯೇ ಭಾರ ಹೊರುತ್ತವೆ. ಅಲ್ಲಿ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಗೇ ಗೆದ್ದಲು ಹಿಡಿದ ಹಾಗೆ. ಕಾರಿನ ತಳಕ್ಕೆ ಹೊಸ ಅಂಡರ್‌ಕೋಟಿಂಗ್ (ತುಕ್ಕು ತಡೆಯುವ ಲೇಪ) ದಪ್ಪಗೆ ಬಳಿದಿದ್ದರು, ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲ ಕೆಳಗೆ ಸ್ಕ್ರೂಡ್ರೈವರ್ ಮೆಲ್ಲಗೆ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಪುಟ್ಟಿಯ ಪುಡಿ ಉದುರಿತು, ಅದರ ಹಿಂದೆ ಕೆಂಪು ತುಕ್ಕು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಮಾತು. ಈ ಕಾರುಗಳ ಹೊರಮೈಗೆ ಆಗ ಜಾಸ್ತಿ ಕೈಕೆಲಸ ಮಾಡಿ, ಸಂದುಗಳಿಗೆ ಸೀಸ ತುಂಬುತ್ತಿದ್ದರು. ಪುಟ್ಟಿ ಇದೆಯಾ ಅಂತ ಅಯಸ್ಕಾಂತ ಇಟ್ಟು ನೋಡುವಾಗ, ಅದು ಅಂಟದ ಜಾಗವೆಲ್ಲ ಮೋಸ ಅಂತ ತಿಳಿಯಬೇಡಿ. ಸೀಸ ಪುಡಿಯಾಗುವುದಿಲ್ಲ, ಪುಟ್ಟಿ ಆಗುತ್ತದೆ.

ವ್ಯಾಪಾರಿ ಮೊದಲೇ ಎಂಜಿನ್ ವಿಡಿಯೋ ಕಳಿಸಿದ್ದರು, ಅರ್ಧ ನಿಮಿಷದ್ದು. ತಣ್ಣಗಿರುವಾಗ ಆಯಿಲ್ ಪ್ರೆಷರ್ ಚೆನ್ನಾಗೇ ತೋರಿಸುತ್ತದೆ. ನನ್ನದು ಇಪ್ಪತ್ತು ನಿಮಿಷ ಓಡಿ ಕಾದ ಮೇಲೆ ಮುಳ್ಳು ಕೆಳಗಿಳಿದು ಅಲ್ಲೇ ಕೂತಿತು. ಈ ವಿ-12ಗೆ ಬಿಸಿಯಾಗುವ, ಒಳಗೆ ಆಯಿಲ್ ಗಟ್ಟಿ ಕೆಸರಾಗುವ ಕಾಯಿಲೆ ಮೊದಲಿಂದಲೂ ಇದೆ. ಇದಕ್ಕೇ ಬೇಸತ್ತು ಎಷ್ಟೋ ಜನ ಅದನ್ನು ಕಿತ್ತು ವಿ-8 ಕೂರಿಸಿದ್ದರು. ಅರ್ಧ ಗಂಟೆ ಓಡಿಸಿ ಮೀಟರ್ ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ.

ವ್ಯಾಪಾರಿಗೆ ಫೋನ್ ಮಾಡಿದೆ. ಸಹಿ ಹಾಕಿದ್ದೀರಲ್ವಾ ಅಂದರು, ಅಷ್ಟೇ. ಆ ಊರಿನ ಒಬ್ಬ ಮೆಕ್ಯಾನಿಕ್‌ಗೆ ಕೆಲವು ನೂರು ಡಾಲರ್ ಕೊಟ್ಟು, ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿದ್ದರೆ ಸಾಕಿತ್ತು.

ಕಾರು ಈಗ ನಮ್ಮ ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಮೇಲಿದೆ. ಫ್ಲೋರ್ ಬಿಚ್ಚಿ ಹೊಸ ತಗಡು ಬೆಸೆಯುವ ಕೆಲಸ ನಡೆಯುತ್ತಿದೆ. ನೀವು ಇಂಥದ್ದೇ ಕಾರು ನೋಡುತ್ತಿದ್ದರೆ ದುಡ್ಡು ಕಳಿಸುವ ಮುಂಚೆ ನನಗೆ ಬರೆಯಿರಿ. ತುಕ್ಕು ಎಲ್ಲೆಲ್ಲಿ ಅಡಗಿರುತ್ತದೆ ಅಂತ ನನ್ನ ಕಾರಿನ ಫೋಟೋ ಕಳಿಸುತ್ತೇನೆ.