ಊಟದ ಮೇಜಿನ ಮೇಲೆ ಮೂರು ಪ್ರಯಾಣ: ಟೊಕೈಡೊ, ಲಂಡನ್ ಬಸ್ಸು, ಟ್ರೇಲ್ಸ್

ಬೇಸಿಗೆ ರಜೆಯಿಂದ ದಸರಾ ರಜೆ ಮುಗಿಯುವವರೆಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಮೂರು ಬೋರ್ಡ್ ಗೇಮ್‌ಗಳು ಸರದಿಯಂತೆ ಬಂದು ಹೋಗಿವೆ. ಮೂರೂ ಪ್ರಯಾಣದ ಆಟಗಳೇ. ಒಂದರಲ್ಲಿ ಜಪಾನಿನ ಹಳೆಯ ಹೆದ್ದಾರಿಯಲ್ಲಿ ಕಾಲ್ನಡಿಗೆ, ಒಂದರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸು, ಇನ್ನೊಂದರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಕಾಲುದಾರಿ. ಮೂರರಲ್ಲೂ ಮಾಡುವ ಕೆಲಸ ಹತ್ತಿರಹತ್ತಿರ ಒಂದೇ: ದಾರಿಯಲ್ಲಿ ಸಿಕ್ಕಿದ್ದನ್ನು ಆರಿಸಿಕೊಂಡು, ಜೋಡಿಸಿ, ಅಂಕ ಮಾಡಿಕೊಳ್ಳುವುದು. ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಲೆಕ್ಕ ಬರೆದಿಟ್ಟಿದ್ದೇನೆ. ಟೊಕೈಡೊ 14 ಆಟ, ಟಿಕೆಟ್ ಟು ರೈಡ್ ಲಂಡನ್ 23 ಆಟ, ಟ್ರೇಲ್ಸ್ 11 ಆಟ.

ಆಡಿದವರು ನಾಲ್ವರು: ನಾನು, ನಮ್ಮವರು, ಹತ್ತು ವರ್ಷದ ಮಗಳು, ಎಪ್ಪತ್ತರ ಹತ್ತಿರ ಇರುವ ನಮ್ಮತ್ತೆ. ಅತ್ತೆಯದು ಚೌಕಾಬಾರದಲ್ಲಿ ಪಳಗಿದ ಕೈ. ಕವಡೆ ಹಿಡಿದು ಕೂತರೆ ಕಾಯಿ ಹಣ್ಣು ಮಾಡುವವರೆಗೆ ಏಳುವವರಲ್ಲ. ಅವರನ್ನು ಮತ್ತೆ ಮತ್ತೆ ಮೇಜಿಗೆ ಕರೆತರುವ ಆಟ ಯಾವುದು ಅನ್ನುವುದೇ ನನ್ನ ಮಟ್ಟಿಗೆ ದೊಡ್ಡ ಪರೀಕ್ಷೆಯಾಗಿತ್ತು. ಓದುತ್ತಾ ಕೊನೆಗೆ ಹೋಗಿ ಹುಡುಕುವುದು ಬೇಡ, ಈಗಲೇ ಹೇಳಿಬಿಡುತ್ತೇನೆ: ಮೂರು ನಾಲ್ಕು ಜನರಿರುವ ಮನೆಗೆ ಒಂದೇ ಒಂದು ಕೊಳ್ಳುವುದಾದರೆ ಟೊಕೈಡೊ. ಅತಿ ಹೆಚ್ಚು ಸಲ ಆಡಿದ್ದು ಅದಲ್ಲ ಅನ್ನುವುದು ಲೆಕ್ಕದಲ್ಲೇ ಕಾಣುತ್ತದೆ. ಆದರೂ ಅದೇ.

ಮೊದಲು ಲಂಡನ್. 2004ರಲ್ಲಿ ಬಂದ ಅಲನ್ ಮೂನ್ ಅವರ ಟಿಕೆಟ್ ಟು ರೈಡ್ ಹೆಸರು ಆಟದ ಗೀಳಿರುವವರಿಗೆಲ್ಲ ಗೊತ್ತು. ಆ ವರ್ಷ ಜರ್ಮನಿಯ ವರ್ಷದ ಆಟ ಪ್ರಶಸ್ತಿಯೂ ಅದಕ್ಕೇ ಸಿಕ್ಕಿತು. ಅಲ್ಲಿ ಒಬ್ಬೊಬ್ಬರಿಗೆ 45 ರೈಲು ಡಬ್ಬಿ, ಆಟ ಒಂದು ಗಂಟೆ ಹಿಡಿಯುತ್ತದೆ. 2019ರಲ್ಲಿ ಬಂದ ಲಂಡನ್ ಅದರ ಪುಟ್ಟ ತಂಗಿ. ರೈಲಿನ ಜಾಗದಲ್ಲಿ 1970ರ ದಶಕದ ಡಬಲ್ ಡೆಕ್ಕರ್ ಬಸ್ಸು, ಒಬ್ಬೊಬ್ಬರಿಗೆ 17 ಮಾತ್ರ. ಒಂದೇ ಬಣ್ಣದ ಕಾರ್ಡುಗಳನ್ನು ಕೂಡಿಸಿ, ಆ ಬಣ್ಣದ ರಸ್ತೆಯನ್ನು ನಮ್ಮದು ಮಾಡಿಕೊಂಡು, ಕೈಲಿರುವ ಟಿಕೆಟ್ಟಿನ ಎರಡು ಊರುಕೇರಿ ಜೋಡಿಸಬೇಕು. ಜೋಡಿಸಲಾಗದ ಟಿಕೆಟ್ಟಿನ ಅಂಕವನ್ನು ನಮ್ಮ ಮೊತ್ತದಿಂದಲೇ ಕಳೆಯಬೇಕು. ನಿಯಮ ಹೇಳಿಕೊಡಲು ಐದು ನಿಮಿಷ ಸಾಕು, ಆಡಲು ಹದಿನೈದು. ರಾತ್ರಿ ಊಟ ಆಗಿ ಮೇಜು ಒರೆಸಿದ ಮೇಲೆ ಹಾಲು ಆರುವಷ್ಟರಲ್ಲಿ ಒಂದು ಆಟ ಮುಗಿಯುತ್ತದೆ. 23ರ ಗುಟ್ಟು ಇಷ್ಟೇ.

ಚುರುಕಾದ ಆಟ, ಅನುಮಾನವೇ ಇಲ್ಲ. ನಕಾಶೆಯಲ್ಲಿ ಪ್ರದೇಶಗಳಿಗೆ ಅಂಕಿ ಕೊಟ್ಟಿದ್ದಾರೆ, ಒಂದೇ ಅಂಕಿಯ ಜಾಗಗಳನ್ನೆಲ್ಲ ಸೇರಿಸಿದರೆ ಅಷ್ಟು ಅಂಕ ಹೆಚ್ಚಿಗೆ. ಇದರಿಂದ ಟಿಕೆಟ್ಟು ಕೈಕೊಟ್ಟವರಿಗೂ ಒಂದು ದಾರಿ ಇರುತ್ತದೆ. ಆದರೆ ನನಗೆ ಒಂದು ವಿಷಯ ತಿಳಿಯಲು ಏಳೆಂಟು ಆಟ ಬೇಕಾಯಿತು. ಯಾರ ಬಳಿಯಾದರೂ ಎರಡೇ ಬಸ್ಸು, ಅಥವಾ ಇನ್ನೂ ಕಡಿಮೆ ಉಳಿದರೆ, ಎಲ್ಲರಿಗೂ ಒಂದೊಂದು ಸರದಿ ಕೊಟ್ಟು ಆಟ ನಿಲ್ಲಿಸಬೇಕು. ಅಂದರೆ ಅವಸರದವರು ಎಲ್ಲರ ಪ್ರಯಾಣವನ್ನೂ ಮುಗಿಸಿಬಿಡಬಹುದು. ಮಗಳು ಇದನ್ನು ನಮಗಿಂತ ಮೊದಲೇ ಕಂಡುಕೊಂಡಳು. ನಮ್ಮವರು ಬಣ್ಣ ಕೂಡಿಡುತ್ತಾ ಕೂತಿದ್ದಾಗ ಇವಳು ಪುಟಪುಟನೆ ಬಸ್ಸು ಇಳಿಸಿ, ಅವರ ಕೈಯಲ್ಲಿದ್ದ ಎರಡು ಟಿಕೆಟ್ಟು ಹಾಗೇ ಉಳಿಯುವಂತೆ ಮಾಡಿದಳು. ಅವಳಿಗೆ ಕುಣಿದಾಡುವಷ್ಟು ಖುಷಿ. ಅತ್ತೆ ಮಾತ್ರ ನಾಲ್ಕು ಆಟ ಆಡಿ ಎದ್ದರು. "ಬಸ್‌ಸ್ಟ್ಯಾಂಡಲ್ಲಿ ಚೀಲ ಹಿಡ್ಕೊಂಡು ಓಡಿದಂಗಾಯ್ತು ಕಣಮ್ಮ, ಊರು ನೋಡಿದಂಗಾಗ್ಲಿಲ್ಲ" ಅಂದರು. ಜಾಗದ ಹೆಸರುಗಳು ಇಂಗ್ಲಿಷಿನಲ್ಲಿರುವುದು ಅವರಿಗೆ ಇನ್ನೊಂದು ತೊಡಕು. ಮಗಳು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು, ಆದರೂ ನಕಾಶೆಯಲ್ಲಿ ಹುಡುಕುವಷ್ಟರಲ್ಲಿ ಸರದಿ ಬಂದಿರುತ್ತಿತ್ತು.

ಟ್ರೇಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರದು, ಹೆನ್ರಿ ಆಡುಬನ್ ಅವರ ವಿನ್ಯಾಸ, ಅವರದೇ ಪಾರ್ಕ್ಸ್ ಅನ್ನುವ ದೊಡ್ಡ ಆಟದ ಕಿರಿಯ ರೂಪ. ಇದಕ್ಕೆ ಹಲಗೆಯೇ ಇಲ್ಲ. ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದರೆ ಅದೇ ದಾರಿ. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ಹಿಂತಿರುಗುತ್ತಾ ಕಲ್ಲು, ಎಲೆ, ಓಕ್ ಮರದ ಕಾಯಿ ಆರಿಸಬೇಕು, ಫೋಟೊ ತೆಗೆಯಬೇಕು, ತುದಿ ಮುಟ್ಟಿದಾಗ ಆರಿಸಿದ್ದನ್ನು ಕೊಟ್ಟು ಬಿಲ್ಲಾ, ಅಂದರೆ ಬ್ಯಾಡ್ಜ್, ಪಡೆಯಬೇಕು. ದಾರಿಯಲ್ಲಿ ಒಂದು ಕರಡಿಯೂ ಅಡ್ಡಾಡುತ್ತಿರುತ್ತದೆ. ಚಿತ್ರಗಳು ಕಣ್ಣಿಗೆ ತಂಪು. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಸೂರ್ಯ. ಸೂರ್ಯನ ಬಿಲ್ಲೆ ಮೆಲ್ಲಗೆ ದಾರಿಯುದ್ದಕ್ಕೂ ಇಳಿಯುತ್ತದೆ, ದಾಟಿದ ಜಾಗಗಳು ಒಂದೊಂದಾಗಿ ಮಗುಚಿ ರಾತ್ರಿಯ ಬಣ್ಣಕ್ಕೆ ತಿರುಗುತ್ತವೆ, ರಾತ್ರಿಯ ಜಾಗ ಹಗಲಿಗಿಂತ ಹೆಚ್ಚು ಕೊಡುತ್ತದೆ. ಹೊತ್ತು ಮುಳುಗುವುದನ್ನು ಮೇಜಿನ ಮೇಲೆ ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಆಟ ನಾನು ಆಡಿಲ್ಲ. ಆದರೆ ಆಡುತ್ತಾ ಹೋದಂತೆ ಎಲ್ಲರೂ ಅವರವರ ಪಾಡಿಗೆ ನಡೆಯುತ್ತಿರುತ್ತೇವೆ. ನಾನು ನಿಂತ ಜಾಗದಲ್ಲೇ ಇನ್ನೊಬ್ಬರೂ ನಿಲ್ಲಬಹುದು, ಯಾರೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಒಂಬತ್ತನೇ ಆಟದ ಹೊತ್ತಿಗೆ ಮಾತು ಕಡಿಮೆಯಾಗಿತ್ತು. ಹುಬ್ಬಳ್ಳಿಗೆ ಹೋಗುವಾಗ ಪೆಟ್ಟಿಗೆ ಸಣ್ಣದು ಅಂತ ರೈಲಿಗೂ ಒಯ್ದೆವು. ಸೀಟಿನ ಮೇಲೆ ಹಾಸಿದ ಬಿಲ್ಲೆಗಳು ರೈಲು ಕುಲುಕಿದಾಗಲೆಲ್ಲ ಜರುಗಿ, ಅರ್ಧಕ್ಕೇ ಎತ್ತಿಟ್ಟೆವು. ಮಕ್ಕಳಿಗೆ ಮೊದಲ ಆಟವಾಗಿ, ಸೋಲು ಗೆಲುವಿನ ಬಿಸಿ ತಟ್ಟದಂತೆ ಆಡಿಸಬೇಕೆಂದರೆ ಇದು ಒಳ್ಳೆಯದು.

ಈಗ ಟೊಕೈಡೊ. ಎಡೊದಿಂದ, ಅಂದರೆ ಇಂದಿನ ಟೋಕಿಯೊದಿಂದ, ಕ್ಯೋಟೊ ನಗರಕ್ಕೆ ಕಡಲ ಬದಿಯಲ್ಲಿ ಹೋಗುತ್ತಿದ್ದ ಹಳೆಯ ದಾರಿಯ ಹೆಸರು ಅದು. ದಾರಿಯುದ್ದಕ್ಕೂ 53 ತಂಗುದಾಣಗಳಿದ್ದವು. 1830ರ ದಶಕದಲ್ಲಿ ಹಿರೋಶಿಗೆ ಎಂಬ ಕಲಾವಿದ ಅವುಗಳನ್ನು ಮರದ ಅಚ್ಚಿನ ಚಿತ್ರಗಳಾಗಿ ಮಾಡಿ ಆ ದಾರಿಯನ್ನು ಜಗತ್ತಿಗೇ ಪರಿಚಯಿಸಿದ. ಆಟವನ್ನು ಮಾಡಿದ್ದು ಫ್ರಾನ್ಸಿನ ಆಂಟ್ವಾನ್ ಬೌಜಾ, 2012ರಲ್ಲಿ. ಇದರಲ್ಲಿ ನಾವು ಕ್ಯೋಟೊದಿಂದ ಹೊರಟು ಎಡೊ ಸೇರಬೇಕು. ಮೊದಲು ಸೇರಿದವರಿಗೆ ಗೆಲುವಿಲ್ಲ. ದಾರಿಯಲ್ಲಿ ಹೆಚ್ಚು ಕಂಡವರು, ಉಂಡವರು, ಮಿಂದವರು, ಕೊಟ್ಟವರು ಗೆಲ್ಲುತ್ತಾರೆ. ಬಿಸಿನೀರ ಬುಗ್ಗೆಯಲ್ಲಿ ಮಿಂದರೆ ಎರಡೋ ಮೂರೋ ಅಂಕ. ದೇವಸ್ಥಾನದಲ್ಲಿ ಕಾಣಿಕೆ ಹಾಕಿದರೆ ನಾಣ್ಯಕ್ಕೊಂದು ಅಂಕ, ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಕಿದವರಿಗೆ ಇನ್ನೂ 10. ಹಳ್ಳಿಯಂಗಡಿಯಲ್ಲಿ ನಾಲ್ಕು ಬಗೆಯ ಸಾಮಾನು. ನಾಲ್ಕನ್ನೂ ಒಂದೊಂದು ಕೊಂಡರೆ 1, 3, 5, 7 ಎಂದು ಒಟ್ಟು 16. ನಿಂತು ನೋಡುವ ನೋಟಗಳು ಮೂರು: ಗದ್ದೆಯ ಚಿತ್ರಕ್ಕೆ ಮೂರು ತುಂಡು, ಬೆಟ್ಟಕ್ಕೆ ನಾಲ್ಕು, ಕಡಲಿಗೆ ಐದು. ಒಂದೊಂದು ಸಲ ನಿಂತಾಗ ಒಂದೊಂದೇ ತುಂಡು ಸಿಗುತ್ತದೆ.

ಇಡೀ ಆಟ ನಿಂತಿರುವುದು ಒಂದು ನಿಯಮದ ಮೇಲೆ: ಎಲ್ಲರಿಗಿಂತ ಹಿಂದೆ ಇರುವವರೇ ಮುಂದಿನ ಸರದಿ ಆಡುತ್ತಾರೆ. ನಾನು ಬೇಕಾದ ಜಾಗಕ್ಕೆ ಆರು ಹೆಜ್ಜೆ ಹಾರಿ ಕೂತರೆ, ನನ್ನ ಹಿಂದೆ ಉಳಿದವರು ಒಬ್ಬರಾದ ಮೇಲೆ ಒಬ್ಬರು, ಕೆಲವೊಮ್ಮೆ ಒಬ್ಬರೇ ಎರಡು ಮೂರು ಸಲ ಆಡಿಕೊಂಡು ಬರುತ್ತಾರೆ. ಮೊದಲ ದಿನ ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ.

"ಅಜ್ಜಿ, ನೀವಿನ್ನೂ ಹಿಂದೆ ಇದ್ದೀರ. ಮತ್ತೆ ನಿಮ್ಮದೇ ಆಟ" ಅಂದಳು ಮಗಳು.

"ಈಗ ತಾನೆ ಆಡಿದ್ನಲ್ಲೇ! ಚೌಕ ಬಿದ್ದಿಲ್ಲ, ಬಾರ ಬಿದ್ದಿಲ್ಲ, ಮತ್ತೆ ನಂದೇ ಅಂದ್ರೆ ಇದ್ಯಾವ ನ್ಯಾಯ?"

ಮೂರನೆಯ ಆಟಕ್ಕೆ ಅವರೇ ನಮ್ಮನ್ನೆಲ್ಲ ಮುಂದೆ ಬಿಟ್ಟು, ಒಂದೊಂದೇ ಹೆಜ್ಜೆ ಇಟ್ಟು, ಸಿಕ್ಕ ಸಿಕ್ಕ ಕಡೆ ನಿಂತು ಗೆದ್ದರು. ಚೌಕಾಬಾರದಲ್ಲಿ ಮುಂದೆ ಹೋದ ಕಾಯಿಗೆ ಹಿಂದಿನ ಕಾಯಿ ಕಡಿಯುವ ಭಯ. ಇಲ್ಲಿ ಕಡಿಯುವುದಿಲ್ಲ, ಆದರೆ ಮುಂದೆ ಹೋದವರು ಹಿಂದಿನವರಿಗೆ ಹೊತ್ತನ್ನು ಬಿಟ್ಟುಕೊಟ್ಟಿರುತ್ತಾರೆ. ಇದು ಅರ್ಥವಾದ ಮೇಲೆ ನನಗೆ ಮೂರೂ ಆಟಗಳ ವ್ಯತ್ಯಾಸ ಬಿಡಿಸಿಕೊಂಡಿತು. ಲಂಡನ್ನಿನಲ್ಲಿ ಹೊತ್ತು ಇರುವುದು ಅವಸರದವರ ಕೈಯಲ್ಲಿ. ಟ್ರೇಲ್ಸ್‌ನಲ್ಲಿ ಸೂರ್ಯನ ಕೈಯಲ್ಲಿ. ಟೊಕೈಡೊದಲ್ಲಿ ನಿಧಾನಸ್ಥರ ಕೈಯಲ್ಲಿ. ಮನೆಯಲ್ಲಿ ಚಿಕ್ಕವರೂ ಹಿರಿಯರೂ ಕೂಡಿ ಆಡುವಾಗ ಇದು ಸಣ್ಣ ಮಾತಲ್ಲ. ಯೋಚಿಸಿ ಆಡುವವರನ್ನು "ಬೇಗ, ಬೇಗ" ಅಂತ ಯಾರೂ ತಳ್ಳಲಾಗದ ಆಟ ಇದು.

ಹಾಗಂತ ಇದನ್ನು ಸಾಧು ಆಟ ಅನ್ನಬೇಡಿ. ಹೆಚ್ಚಿನ ತಾಣಗಳಲ್ಲಿ ಒಬ್ಬರಿಗೇ ಜಾಗ. ನಾಲ್ವರು ಆಡುವಾಗ ಕೆಲವು ಕಡೆ ಮಾತ್ರ ಇಬ್ಬರು ನಿಲ್ಲಬಹುದು. ಕಡಲಿನ ಕೊನೆಯ ತುಂಡಿಗಾಗಿ ಕಾದವರ ಎದುರೇ ಇನ್ನೊಬ್ಬರು ಹೋಗಿ ನಿಂತರೆ ಮುಗಿಯಿತು, ಹಿಂದಕ್ಕೆ ಹೋಗುವಂತಿಲ್ಲ. ಛತ್ರಗಳಲ್ಲಂತೂ ನಿಜವಾದ ಪ್ರಯಾಣದ ಸಂಕಟವೇ ಇದೆ. ದಾರಿಯಲ್ಲಿ ಮೂರು, ಎಡೊದಲ್ಲಿ ಒಂದು. ಅಲ್ಲಿ ಎಲ್ಲರೂ ನಿಲ್ಲಲೇಬೇಕು. ಮೊದಲು ಬಂದವರು ಊಟ ಆರಿಸಿಕೊಳ್ಳುತ್ತಾರೆ, ಕೊನೆಗೆ ಬಂದವರಿಗೆ ಉಳಿದದ್ದು. ಊಟದ ಬೆಲೆ ಒಂದರಿಂದ ಮೂರು ನಾಣ್ಯ, ಯಾವುದಾದರೂ 6 ಅಂಕ. ಒಮ್ಮೆ ಉಂಡದ್ದನ್ನು ಮತ್ತೆ ಉಣ್ಣುವಂತಿಲ್ಲ. ಒಂದು ಶನಿವಾರ ಅತ್ತೆ ದಾರಿಯೆಲ್ಲ ನೋಡುತ್ತಾ ಕೊನೆಯವರಾಗಿ ಎಡೊ ಸೇರಿದಾಗ ಕೈಯಲ್ಲಿ ಒಂದೇ ನಾಣ್ಯ. ಉಳಿದಿದ್ದವು ಎರಡು ನಾಣ್ಯದ್ದು, ಮೂರರದ್ದು. "ಇಷ್ಟು ದೂರ ನಡೆದು ಬಂದು ಉಪವಾಸ ಮಲಗ್ಬೇಕೇನೇ?" ಅಂದರು, ನಿಜವಾಗಿಯೂ ನೊಂದುಕೊಂಡು. ಅವರು ಸೋತದ್ದು ಎರಡೇ ಅಂಕದಿಂದ. ನಿಧಾನಕ್ಕೂ ಒಂದು ಬೆಲೆ ಇಟ್ಟಿದ್ದಾನಲ್ಲ, ಅಲ್ಲಿ ಆಟ ಮಾಡಿದವನ ಜಾಣ್ಮೆ ಕಾಣುತ್ತದೆ.

ಇನ್ನೊಂದು ಕಾರಣವೂ ಇದೆ. ಲಂಡನ್ನಿನಲ್ಲಿ ಕೂಡಿಸಿದ ಬಣ್ಣದ ಕಾರ್ಡು ಬಸ್ಸು ಇಳಿಸಿದೊಡನೆ ಕೈಬಿಡುತ್ತದೆ. ಟ್ರೇಲ್ಸ್‌ನಲ್ಲಿ ಆರಿಸಿದ ಕಲ್ಲು, ಎಲೆ ಬಿಲ್ಲಾಕ್ಕೆ ಬದಲಾಗುತ್ತವೆ. ಕೂಡಿಸುವುದು ಖರ್ಚು ಮಾಡಲಿಕ್ಕೆ. ಟೊಕೈಡೊದಲ್ಲಿ ಕೂಡಿಸಿದ್ದು ಕೊನೆಯವರೆಗೆ ನಮ್ಮ ಮುಂದೆಯೇ ಇರುತ್ತದೆ: ಕೊಂಡ ಬೀಸಣಿಗೆ, ಉಂಡ ಊಟ, ಮುಕ್ಕಾಲು ಮುಗಿದ ಬೆಟ್ಟ. ಕಡಲಿನ ಐದೂ ತುಂಡು ಪಕ್ಕಪಕ್ಕ ಕೂತಾಗ ಒಂದು ಉದ್ದ ಚಿತ್ರವೇ ಆಗುತ್ತದೆ. ಅಂಕ ಎಣಿಸಿದ ಮೇಲೂ ಅತ್ತೆ ಅದನ್ನು ಎತ್ತಿಡಲು ಬಿಡುವುದಿಲ್ಲ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡುತ್ತಾರೆ.

ಕೊರತೆಗಳನ್ನೂ ಹೇಳಬೇಕು. ಮುಕ್ಕಾಲು ಗಂಟೆ ಅಂದರೂ ನಾಲ್ವರಾದರೆ ನಮ್ಮಲ್ಲಿ ಒಂದು ಗಂಟೆ ಆಗುತ್ತದೆ, ಶಾಲೆಯಿರುವ ದಿನ ಸಾಧ್ಯವಿಲ್ಲ. ಹಲಗೆ ಉದ್ದ. ಪ್ರಯಾಣಿಕರು ಹತ್ತು ಮಂದಿ, ಒಬ್ಬೊಬ್ಬರಿಗೂ ಒಂದೊಂದು ವಿಶೇಷ. ನನ್ನ ಅನುಭವದಲ್ಲಿ ಎಲ್ಲರೂ ಸಮಬಲರಲ್ಲ. ಪ್ರತಿ ಊಟವೂ ಒಂದು ನಾಣ್ಯ ಅಗ್ಗವಾಗುವ ಕಿಂಕೊ ಸಿಕ್ಕವರು ನಿರಾಳವಾಗಿ ನಡೆಯುತ್ತಾರೆ, ಕಡಿಮೆ ನಾಣ್ಯ ಹಿಡಿದು ಹೊರಡುವವರಿಗೆ ಮೊದಲ ಛತ್ರದವರೆಗೆ ಪರದಾಟ. ಇಬ್ಬರೇ ಆಡುವುದಾದರೆ ಮೂರನೆಯ ಪ್ರಯಾಣಿಕನೊಬ್ಬನನ್ನು ಸುಮ್ಮನೆ ನಡೆಸಬೇಕಾಗುತ್ತದೆ. ನಾನೂ ನಮ್ಮವರೂ ಎರಡು ಸಲ ಆಡಿ ಬಿಟ್ಟೆವು. ಇಬ್ಬರೇ ಇರುವ ಮನೆಗೆ ಲಂಡನ್ನೇ ಸರಿ, ಇಬ್ಬರ ಆಟದಲ್ಲಿ ಅದಕ್ಕೆ ಇನ್ನೂ ಹರಿತ ಬರುತ್ತದೆ.

ಟೊಕೈಡೊವನ್ನು ಐದು ಜನ ಆಡಬಹುದು. ನಮ್ಮ ಐದನೆಯ ಕಾಯಿ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಸಂಕ್ರಾಂತಿಗೆ ನಾದಿನಿ ಬರುತ್ತಾಳೆ, ಅವಳದು ಓಡುವ ಸ್ವಭಾವ. ಅವಳನ್ನು ಮೊದಲ ಛತ್ರಕ್ಕೆ ಬೇಗ ಕಳಿಸಿ ಹಿಂದೆ ಉಳಿಯುವುದು ಹೇಗೆ ಅಂತ ಅಜ್ಜಿ ಮೊಮ್ಮಗಳು ಈಗಲೇ ಮಾತಾಡಿಕೊಂಡಿದ್ದಾರೆ.