ಸೂಸನ್ ಕೇರ್ ಬಿಡಿಸಿದ ಮ್ಯಾಕಿಂತೋಷ್ ಐಕಾನ್‌ಗಳು: ಬಳಸಿ ನೋಡಿದ ಮೇಲೆ

ಆಪಲ್ ಕಂಪನಿಯ 1984ರ ಮೊದಲ ಮ್ಯಾಕಿಂತೋಷ್ ಕಂಪ್ಯೂಟರ್‌ನ ಸಾಫ್ಟ್‌ವೇರನ್ನು ಈಗ ಬ್ರೌಸರ್‌ನಲ್ಲೇ ತೆರೆದು ನೋಡಬಹುದು. ಅದರ ಐಕಾನ್‌ಗಳನ್ನು ಸಂಗ್ರಹಾಲಯದ ವಸ್ತುಗಳೆಂದು ಗೌರವಿಸಿ ಬದಿಗಿಡದೆ, ಕೆಲಸಕ್ಕೆ ಬರುತ್ತವೆಯೇ ಎಂದು ಪರೀಕ್ಷಿಸುವುದು ನನ್ನ ಉದ್ದೇಶವಾಗಿತ್ತು. ಪರದೆಯ ಅಳತೆ 512×342 ಚುಕ್ಕೆಗಳು. ಬಣ್ಣವಿರಲಿ, ಬೂದು ಛಾಯೆಯೂ ಇಲ್ಲ. ಒಂದು ಐಕಾನ್‌ಗೆ ಸಿಗುವ ಜಾಗ ಕೇವಲ 32×32.

ಇಷ್ಟರಲ್ಲಿ ವಿನ್ಯಾಸಕಿ ಸೂಸನ್ ಕೇರ್ ಸಾಧಿಸಿರುವುದು ಅಚ್ಚರಿ ಹುಟ್ಟಿಸುತ್ತದೆ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಮ್ಯಾಕ್‌ಪೇಂಟ್‌ನ ಬಣ್ಣದ ಬಕೆಟ್ಟನ್ನೇ ನೋಡಿ: ಅದು ಓರೆಯಾಗಿ ವಾಲಿದೆ, ಅದರಿಂದ ಸುರಿಯುವ ಬಣ್ಣದ ತುದಿ ಎಲ್ಲಿರುತ್ತದೋ ಅಲ್ಲಿಯೇ ಬಣ್ಣ ತುಂಬಿಕೊಳ್ಳುತ್ತದೆ. ಚಿತ್ರವೇ ಬಳಕೆಯ ವಿಧಾನವನ್ನೂ ಹೇಳಿಬಿಡುವುದರಿಂದ ವಿವರಣೆ ಓದುವ ಅಗತ್ಯವೇ ಬೀಳುವುದಿಲ್ಲ. ಕಂಪ್ಯೂಟರ್ ಶುರುವಾದಾಗ ಕಾಣುವ ನಗುಮುಖದಲ್ಲಿಯೂ ಹೀಗೆಯೇ, ಒಂದೇ ಒಂದು ಚುಕ್ಕೆಯನ್ನು ಅತ್ತಿತ್ತ ಸರಿಸಿದರೂ ಆ ನಗೆಯ ಹದ ಕೆಡುತ್ತದೆ.

ಈ ಕೈಚಳಕ ಕಂಪ್ಯೂಟರ್ ತರಗತಿಯಲ್ಲಿ ಕಲಿತದ್ದಲ್ಲ. ಕೇರ್ 1978ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಸಂಗ್ರಹಾಲಯದಲ್ಲಿ ದುಡಿದು, ಬಳಿಕ ಅರ್ಕಾನ್ಸಾಸ್‌ನ ಸಂಗ್ರಹಾಲಯವೊಂದಕ್ಕಾಗಿ ಕಾಡುಹಂದಿಯ ಲೋಹಶಿಲ್ಪವನ್ನು ಬೆಸೆಯುತ್ತಿದ್ದಾಗ, ಹೈಸ್ಕೂಲಿನ ಗೆಳೆಯ, ಮ್ಯಾಕಿಂತೋಷ್ ತಂಡದ ಆಂಡಿ ಹರ್ಟ್ಸ್‌ಫೆಲ್ಡ್ ಅವರಿಂದ ಆಪಲ್‌ನ ಕೆಲಸದ ಕರೆ ಬಂತು. ಚೌಕುಳಿ ಗೆರೆಗಳ ಪುಸ್ತಕವೊಂದನ್ನು ಕೊಂಡು, ಒಂದೊಂದೇ ಚೌಕ ತುಂಬುತ್ತಾ ಅವರು ಮೊದಲ ಐಕಾನ್‌ಗಳನ್ನು ಬಿಡಿಸಿದರು. ಮೊಸಾಯಿಕ್ ಮತ್ತು ಕಸೂತಿಯ ಪರಿಚಯವಿದ್ದವರಿಗೆ ಆ ಚೌಕಗಳು ಹೊಸತಾಗಿರಲಿಲ್ಲ. ನೇರ ದಾರಿಯಲ್ಲಿ ಬಂದ ತಂತ್ರಜ್ಞರಿಗೆ ಇದು ದಕ್ಕುತ್ತಿರಲಿಲ್ಲವೆಂದೇ ನನ್ನ ಬಲವಾದ ನಂಬಿಕೆ.

ಕೊರತೆಗಳಿಲ್ಲವೆಂದಲ್ಲ. ಕೀಬೋರ್ಡ್‌ನ ಕಮಾಂಡ್ ಕೀಲಿಯ ನಾಲ್ಕು ಕುಣಿಕೆಗಳ ಗುರುತನ್ನು ಅವರು ಸಂಕೇತಗಳ ಕೋಶವೊಂದರಿಂದ ಆರಿಸಿಕೊಂಡರು. ಸ್ವೀಡನ್‌ನಲ್ಲಿ ಅದು ನೋಡತಕ್ಕ ಸ್ಥಳವನ್ನು ಸೂಚಿಸುತ್ತದೆ. ರೂಪ ಸುಂದರ, ಆದರೆ ಅದರ ಕೆಲಸವೇನೆಂದು ಯಾರಾದರೂ ಹೇಳಿಕೊಟ್ಟರಷ್ಟೇ ತಿಳಿಯುತ್ತದೆ. ಕಂಪ್ಯೂಟರ್ ಕೈಕೊಟ್ಟಾಗ ಕಾಣುವ ಬಾಂಬ್ ಅಂತೂ ಮೊದಲೇ ಕಂಗಾಲಾದವರನ್ನು ಮತ್ತಷ್ಟು ಹೆದರಿಸುತ್ತದೆ. ಡಿಸ್ಕ್ ಹೊರತೆಗೆಯಲು ಅದನ್ನು ಕಸದ ಬುಟ್ಟಿಗೆ ಎಳೆಯುವ ಏರ್ಪಾಡು ಗೊಂದಲಕಾರಿ. ಆ ದೋಷ ಚಿತ್ರದ್ದಲ್ಲ, ವ್ಯವಸ್ಥೆಯದ್ದು.

ಕೇರ್ ಅವರ ಪಯಣ ಆಪಲ್‌ನಲ್ಲಿಯೇ ನಿಲ್ಲಲಿಲ್ಲ. ಸ್ಟೀವ್ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿ, 1990ರ ವಿಂಡೋಸ್ 3.0ರ ಸಾಲಿಟೇರ್ ಆಟದ ಇಸ್ಪೀಟ್ ಎಲೆಗಳು, ಮುಂದೆ ಪಿಂಟರೆಸ್ಟ್ ಹೀಗೆ ಅದು ಸಾಗಿತು. ಆದರೂ ಅವರ ಕೆಲಸವನ್ನು ಅರಿಯಲು ಈ ಮೊದಲ ಐಕಾನ್‌ಗಳೇ ಸರಿಯಾದ ಆರಂಭ. ಕುಂಚ ಅಥವಾ ಉಳಿ ಹಿಡಿದು ಪಳಗಿ, ಈಗ ಡಿಜಿಟಲ್ ವಿನ್ಯಾಸದತ್ತ ಹೊರಳುತ್ತಿರುವವರಿಗೆ ಇವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬರೀ ನೋಡಿ ಮುಗಿಸದೆ, ಮ್ಯಾಕ್‌ಪೇಂಟ್‌ನ ಚುಕ್ಕೆಗಳನ್ನು ಹಿಗ್ಗಿಸಿ ತೋರಿಸುವ ಫ್ಯಾಟ್‌ಬಿಟ್ಸ್ ತೆರೆದು ಯಾವುದಾದರೊಂದು ಐಕಾನನ್ನು ಚುಕ್ಕೆ ಚುಕ್ಕೆಯಾಗಿ ನಕಲು ಮಾಡಿ ನೋಡಬೇಕು.