ಐದು ರಿಮೋಟ್ ಜಾಗಕ್ಕೆ ಒಂದು: ನಾಲ್ಕು ದಾರಿ ನೋಡಿದ ಮೇಲೆ

ನಮ್ಮ ಮನೆ ಬಳ್ಳಾರಿಯ ಗಾಂಧಿನಗರದಲ್ಲಿದೆ. ಮಹಡಿಯ ಹಾಲ್‌ನಲ್ಲಿ ಟಿವಿ, 5.1 ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಧ್ವನಿ ಕೊಡುವ ಪೆಟ್ಟಿಗೆ), ಸೆಟ್‌ಟಾಪ್ ಬಾಕ್ಸ್, ಫೈರ್ ಟಿವಿ ಸ್ಟಿಕ್, ಗೋಡೆಯ ಮೇಲೆ ಎಸಿ. ಒಟ್ಟು ಐದು ರಿಮೋಟ್. ನಾನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅಮ್ಮ ಒಬ್ಬರೇ. ಒಂದು ಮಧ್ಯಾಹ್ನ ಫೋನ್ ಮಾಡಿ, "ಚಿತ್ರ ಬರ್ತಿದೆ, ದನಿ ಬರ್ತಿಲ್ಲ" ಅಂದರು. ಕಪ್ಪು ರಿಮೋಟ್ ತಗೋ, ಅದಲ್ಲ, ಉದ್ದದ್ದು, ಅದರ ಮೇಲಿನ ಸಾಲಿನ ಬಟನ್... ಹೀಗೇ ಹತ್ತು ನಿಮಿಷ ಆಯಿತು. ಕೊನೆಗೆ "ಬಿಡಪ್ಪಾ, ನೀನು ಬಂದ ಮೇಲೆ ನೋಡ್ತೀನಿ" ಅಂದು ಇಟ್ಟುಬಿಟ್ಟರು. ಅಷ್ಟು ದುಡ್ಡು ಹಾಕಿ ಕಟ್ಟಿದ ಹೋಮ್ ಥಿಯೇಟರ್ ಮುಂದೆ ಅಮ್ಮ ಸುಮ್ನೆ ಕೂತಿದ್ದಾರೆ ಅನ್ನೋದು ನನಗೆ ತುಂಬಾ ಬೇಜಾರು ತಂದಿತು.

ಆಮೇಲೆ ಒಂದು ವರ್ಷದಲ್ಲಿ ನಾಲ್ಕು ದಾರಿ ನೋಡಿದೆ. ಪ್ರತಿಯೊಂದನ್ನೂ ಮೂರ್ನಾಲ್ಕು ವಾರವಾದರೂ ಮನೆಯಲ್ಲಿ ಬಳಸಿದ್ದೇವೆ. ಎಷ್ಟು ಬಟನ್, ಎಷ್ಟು ಸಾಧನ ಅನ್ನೋ ಲೆಕ್ಕ ನಾನು ಜಾಸ್ತಿ ಹಾಕಲಿಲ್ಲ. ನೋಡಿದ್ದು ಎರಡು. ಅಮ್ಮ ಒಬ್ಬರೇ ಇದ್ದಾಗ ನಡೆಯುತ್ತದಾ? ಕರೆಂಟ್ ಹೋಗಿ ಬಂದ ಮೇಲೂ ನಡೆಯುತ್ತದಾ? ಬಿಸಿಲು 40 ಡಿಗ್ರಿ ದಾಟಿದ ದಿನ ನಮ್ಮ ಏರಿಯಾದಲ್ಲಿ ಕರೆಂಟ್ ಒಂದೆರಡು ಸಲ ಹೋಗಿ ಬರುವುದು ಮಾಮೂಲು.

ಮೊದಲು ಕಾಸು ಖರ್ಚಿಲ್ಲದ ದಾರಿ, ಸಿಇಸಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ, ಧ್ವನಿ ಮಾತ್ರ ಹೋಗುವುದಿಲ್ಲ. ಸಾಧನಗಳು ಒಂದಕ್ಕೊಂದು ಹುಕುಂ ಕೊಡಲು ಅದರೊಳಗೆ ಬೇರೆಯೇ ಒಂದು ತಂತಿ ಇರುತ್ತದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಸಿಇಸಿ ಅಂತ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತ ಹೆಸರು. ಟಿವಿಯಲ್ಲಿ ಆನ್ ಮಾಡಿದರೆ ಸಾಲದು, ರಿಸೀವರ್‌ನಲ್ಲೂ ಸ್ಟಿಕ್‌ನಲ್ಲೂ ಆನ್ ಮಾಡಬೇಕು. ರಿಸೀವರ್ ಕೇಬಲ್ ಅನ್ನು ಟಿವಿಯ ಎಆರ್‌ಸಿ ಎಂದು ಬರೆದ ಪೋರ್ಟಿಗೇ ಹಾಕಬೇಕು. ನಾನು ಪಕ್ಕದ ಪೋರ್ಟಿಗೆ ಹಾಕಿ, ಟಿವಿಯ ಧ್ವನಿ ರಿಸೀವರ್‌ಗೆ ಯಾಕೆ ಬರುತ್ತಿಲ್ಲ ಅಂತ ಒಂದು ಸಂಜೆ ಪೂರ್ತಿ ಹುಡುಕಿದ್ದೆ.

ಸರಿಯಾಗಿ ಕೂತ ಮೇಲೆ ಇದು ಬಹಳ ಚೆನ್ನಾಗಿದೆ. ಸ್ಟಿಕ್ ರಿಮೋಟ್‌ನ ಹೋಮ್ ಒತ್ತಿದರೆ ಟಿವಿ ಏಳುತ್ತದೆ, ಅದರ ಹಿಂದೆಯೇ ರಿಸೀವರ್ 'ಟಕ್' ಅಂತ ರಿಲೇ ಸದ್ದು ಮಾಡಿ ಏಳುತ್ತದೆ. ಟಿವಿ ರಿಮೋಟ್‌ನ ವಾಲ್ಯೂಮ್ ಒತ್ತಿದರೆ ರಿಸೀವರ್‌ನ ವಾಲ್ಯೂಮ್ ಏರುತ್ತದೆ. ಇನ್ನೊಂದು ಲಾಭ ನನಗೆ ಆಮೇಲೆ ಗೊತ್ತಾಯಿತು. ಫೈರ್ ಸ್ಟಿಕ್‌ಗೆ ಐಆರ್ (ಮಾಮೂಲಿ ರಿಮೋಟ್ ಕಳಿಸುವ ಇನ್‌ಫ್ರಾರೆಡ್ ಬೆಳಕು) ಹಿಡಿಯುವ ಕಣ್ಣೇ ಇಲ್ಲ, ಅದರ ರಿಮೋಟ್ ಬ್ಲೂಟೂತ್‌ನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಬರೀ ಐಆರ್ ಇರುವ ಯೂನಿವರ್ಸಲ್ ರಿಮೋಟ್ (ಹಲವು ಸಾಧನಕ್ಕೆ ಒಂದೇ ರಿಮೋಟ್) ಅದನ್ನು ನೇರವಾಗಿ ನಡೆಸಲಾರದು. ಆದರೆ ಸಿಇಸಿ ಆನ್ ಇದ್ದರೆ ನಮ್ಮ ಟಿವಿ ರಿಮೋಟ್‌ನ ಬಾಣದ ಬಟನ್, ಓಕೆ, ಬ್ಯಾಕ್ ಮೂರೂ ಟಿವಿ ಮೂಲಕ ಸ್ಟಿಕ್‌ಗೆ ತಲುಪುತ್ತವೆ. ಯೂನಿವರ್ಸಲ್ ರಿಮೋಟ್‌ಗೆ ಟಿವಿಯ ಬಾಣ ಕಲಿಸಿದರೆ ಸಾಕು, ಸ್ಟಿಕ್ ಕೂಡ ಅದರ ಕೈಗೆ ಬಂದ ಹಾಗೆ. ಸೆಟ್‌ಟಾಪ್ ಬಾಕ್ಸ್ ಮಾತ್ರ ಸಿಇಸಿ ಮಾತು ಕೇಳಲಿಲ್ಲ. ಎಸಿಗಂತೂ ಅದರ ಸಂಬಂಧವೇ ಇಲ್ಲ.

ಎರಡನೆಯದು ಲರ್ನಿಂಗ್ ರಿಮೋಟ್. ಐದಾರು ನೂರು ರೂಪಾಯಿಯದು, ರಾಯಲ್ ಸರ್ಕಲ್ ಹತ್ತಿರದ ಒಂದು ಅಂಗಡಿಯಲ್ಲಿ ತಂದೆ. ಐಆರ್ ರಿಮೋಟ್ ಅಂದರೆ ಕಣ್ಣಿಗೆ ಕಾಣದ ಬೆಳಕನ್ನು ಮಿಣುಕಿಸುವ ಬಲ್ಬ್ ಅಷ್ಟೇ. ಹೆಚ್ಚಿನವು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಣುಕುವ ಬೆಳಕಿನ ಮೇಲೆ ತಮ್ಮ ಕೋಡ್ ಕಳಿಸುತ್ತವೆ. ಲರ್ನಿಂಗ್ ರಿಮೋಟ್ ಆ ಮಿಣುಕನ್ನು ನೋಡಿ ಹಾಗೇ ನೆನಪಿಟ್ಟುಕೊಳ್ಳುತ್ತದೆ. ಎರಡೂ ರಿಮೋಟ್ ಮೂತಿಗೆ ಮೂತಿ ಇಟ್ಟು, ಎರಡು ಬೆರಳಿನಷ್ಟು ಜಾಗ ಬಿಟ್ಟು, ಒಂದೊಂದೇ ಬಟನ್ ಕಲಿಸಬೇಕು. ಕಿಟಕಿಯ ಬಿಸಿಲು ಬೀಳುವ ಕಡೆ ಮಾಡಬೇಡಿ. ಹಳೇ ರಿಮೋಟ್‌ನ ಬಟನ್ ಅನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಡಿ. ಒತ್ತಿ ಹಿಡಿದರೆ ಎಷ್ಟೋ ರಿಮೋಟ್ ಮೊದಲ ಕೋಡ್ ಆದ ಮೇಲೆ 'ಅದೇ ಮತ್ತೆ' ಅನ್ನೋ ಚಿಕ್ಕ ಕೋಡ್ ಕಳಿಸುತ್ತಾ ಹೋಗುತ್ತವೆ. ಹೊಸ ರಿಮೋಟ್ ಅದನ್ನೇ ಕಲಿತರೆ ಆ ಬಟನ್ ಕೆಲಸಕ್ಕೆ ಬರುವುದಿಲ್ಲ. ನನಗೆ ವಾಲ್ಯೂಮ್ ಬಟನ್‌ನಲ್ಲಿ ಹೀಗೇ ಆಯಿತು. ಚಿಕ್ಕದಾಗಿ ಒಂದು ಸಲ ತಟ್ಟಿ ಕಲಿಸಿದಾಗ ಸರಿಹೋಯಿತು.

ನನ್ನ ರಿಮೋಟ್‌ನಲ್ಲಿ ಮ್ಯಾಕ್ರೋ ಇತ್ತು. ಒಂದು ಬಟನ್ ಒತ್ತಿದರೆ ಟಿವಿ, ರಿಸೀವರ್, ಸೆಟ್‌ಟಾಪ್ ಬಾಕ್ಸ್ ಮೂರಕ್ಕೂ ಪವರ್ ಕೋಡ್ ಹೋಗಬೇಕು. ಮೊದಲ ವಾರ ಅಮ್ಮ ತುಂಬಾ ಖುಷಿಯಾಗಿದ್ದರು. ಎರಡನೇ ವಾರ ಕರೆಂಟ್ ಹೋಗಿ ಬಂತು. ನಮ್ಮ ಟಿವಿ, ರಿಸೀವರ್ ಎರಡೂ ಕರೆಂಟ್ ಬಂದಾಗ ಸ್ಟ್ಯಾಂಡ್‌ಬೈನಲ್ಲಿ ಮಲಗಿರುತ್ತವೆ. ಸೆಟ್‌ಟಾಪ್ ಬಾಕ್ಸ್ ಮಾತ್ರ ತಾನಾಗಿ ಆನ್ ಆಗಿಬಿಡುತ್ತದೆ. ಅಮ್ಮ ಬಟನ್ ಒತ್ತಿದರು. ಎರಡು ಆನ್ ಆದವು, ಬಾಕ್ಸ್ ಆಫ್ ಆಯಿತು. ಇನ್ನೊಮ್ಮೆ ಒತ್ತಿದರು. ಬಾಕ್ಸ್ ಆನ್, ಎರಡು ಆಫ್. ಎಷ್ಟು ಸಲ ಒತ್ತಿದರೂ ಮೂರೂ ಒಂದಾಗುವ ಹಾಗೇ ಇಲ್ಲ, ಅಲ್ವಾ?

ಯೂನಿವರ್ಸಲ್ ರಿಮೋಟ್ ಕೊಳ್ಳುವವರು ಮೊದಲು ತಿಳಿಯಬೇಕಾದ ವಿಷಯ ಇದೇ ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ರಿಮೋಟ್‌ನ ಪವರ್ ಬಟನ್ 'ಆನ್ ಆಗು' ಅಂತ ಹೇಳುವುದಿಲ್ಲ, 'ಬದಲಾಗು' ಅಂತ ಹೇಳುತ್ತದೆ. ಎಷ್ಟೋ ಟಿವಿ, ರಿಸೀವರ್‌ಗಳಿಗೆ ಆನ್‌ಗೇ ಒಂದು, ಆಫ್‌ಗೇ ಒಂದು ಬೇರೆ ಕೋಡ್ ಅರ್ಥವಾಗುತ್ತದೆ. ಆದರೆ ಆ ಬಟನ್ ಕಂಪನಿ ಕೊಟ್ಟ ರಿಮೋಟ್ ಮೇಲೆ ಹೆಚ್ಚಾಗಿ ಇರುವುದಿಲ್ಲ. ಹಳೇ ರಿಮೋಟ್‌ನಲ್ಲಿ ಇಲ್ಲದ್ದನ್ನು ಲರ್ನಿಂಗ್ ರಿಮೋಟ್ ಕಲಿಯುವುದಾದರೂ ಹೇಗೆ? ನಾನು ಸೆಟ್‌ಟಾಪ್ ಬಾಕ್ಸ್ ಅನ್ನು ಮ್ಯಾಕ್ರೋದಿಂದ ತೆಗೆದು, ಸದಾ ಆನ್ ಇರಲಿ ಅಂತ ಬಿಟ್ಟೆ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಮೂರನೆಯದು ಲಾಜಿಟೆಕ್ ಹಾರ್ಮನಿ 650. ಬೆಂಗಳೂರಿನಲ್ಲಿರುವ ಸ್ನೇಹಿತನದು, ಒಂದು ತಿಂಗಳು ತಂದಿಟ್ಟುಕೊಂಡಿದ್ದೆ. ಇದರ ಯೋಚನೆಯೇ ಬೇರೆ. ಇದು ಸಾಧನ ಲೆಕ್ಕ ಹಾಕುವುದಿಲ್ಲ, ಕೆಲಸ ಲೆಕ್ಕ ಹಾಕುತ್ತದೆ: ಟಿವಿ ನೋಡು, ಸಿನಿಮಾ ನೋಡು, ಹಾಡು ಕೇಳು. ಯಾವುದನ್ನು ಆನ್ ಮಾಡಿದೆ, ಯಾವುದು ಯಾವ ಇನ್‌ಪುಟ್‌ನಲ್ಲಿದೆ ಅಂತ ನೆನಪಿಡುತ್ತದೆ. ಎಲ್ಲಾದರೂ ತಾಳ ತಪ್ಪಿದರೆ ಹೆಲ್ಪ್ ಬಟನ್ ಒತ್ತಬೇಕು, ಅದು ಸ್ಕ್ರೀನ್ ಮೇಲೆ ಒಂದೊಂದೇ ಪ್ರಶ್ನೆ ಕೇಳಿ ಸರಿಮಾಡುತ್ತದೆ. ನಾಲ್ಕರಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಇದೇ. ಕಂಪ್ಯೂಟರ್‌ಗೆ ಜೋಡಿಸಿ ಟಿವಿಯ ಮಾಡೆಲ್ ನಂಬರ್ ಹಾಕಿದರೆ ಕೋಡ್ ಎಲ್ಲಾ ತಾನೇ ಇಳಿಸಿಕೊಳ್ಳುತ್ತದೆ, ಮೂತಿಗೆ ಮೂತಿ ಇಡುವ ಕೆಲಸ ಹೆಚ್ಚಿಲ್ಲ. ಆದರೆ ಪ್ರಶ್ನೆಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ಅಮ್ಮ ಓದುವುದು ಕನ್ನಡ, ತೆಲುಗು. ಇನ್ನೊಂದು, ಲಾಜಿಟೆಕ್ 2021ರ ಏಪ್ರಿಲ್‌ನಲ್ಲಿ ಹಾರ್ಮನಿ ತಯಾರಿಕೆ ನಿಲ್ಲಿಸಿದ್ದಾಗಿ ಹೇಳಿತು. ಸೆಟಪ್ ಎಲ್ಲಾ ಅವರ ಸರ್ವರ್ ಮೇಲೆ ನಿಂತಿರುವಾಗ, ಸೆಕೆಂಡ್ ಹ್ಯಾಂಡ್‌ಗೆ ದೊಡ್ಡ ಮೊತ್ತ ಹಾಕಲು ನನಗೆ ಧೈರ್ಯ ಬರಲಿಲ್ಲ. ವಾಪಸ್ ಕೊಟ್ಟೆ.

ನಾಲ್ಕನೆಯದು ವೈಫೈ ಐಆರ್ ಬ್ಲಾಸ್ಟರ್. ರಿಮೋಟ್ ತರಹ ಐಆರ್ ಬೆಳಕು ಕಳಿಸುವ, ಅಂಗೈಯಲ್ಲಿ ಹಿಡಿಸುವ ಕರಿ ಡಬ್ಬಿ, ಫೋನ್‌ನ ಆ್ಯಪ್‌ನಿಂದ ನಡೆಯುತ್ತದೆ. ನಮ್ಮದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ನಮ್ಮ ರೌಟರ್‌ನಲ್ಲಿ 2.4, 5 ಎರಡೂ ಒಂದೇ ಹೆಸರಲ್ಲಿದ್ದವು, ಬೇರೆ ಮಾಡುವವರೆಗೂ ಸೆಟಪ್ ಆಗಲೇ ಇಲ್ಲ. ಟಿವಿಗೆ ಇದು ನಮ್ಮ ಮನೆಯಲ್ಲಿ ಸೋತಿತು. ವಾಲ್ಯೂಮ್ ಕಡಿಮೆ ಮಾಡಲು ಅಮ್ಮ ಕನ್ನಡಕ ಹುಡುಕಿ, ಫೋನ್ ತೆಗೆದು, ಆ್ಯಪ್ ತೆರೆಯಬೇಕು. ಅಷ್ಟರಲ್ಲಿ ಜಾಹೀರಾತೇ ಮುಗಿದಿರುತ್ತದೆ. ಐಆರ್ ಇರುವ ಫೋನ್ ಆದರೂ ಇದೇ ಕಥೆ.

ಎಸಿಗೆ ಮಾತ್ರ ಇದರಷ್ಟು ಒಳ್ಳೆಯದು ನನಗೆ ಸಿಗಲಿಲ್ಲ. ಎಸಿ ರಿಮೋಟ್ ಟಿವಿ ರಿಮೋಟ್ ತರಹ ಅಲ್ಲ. 'ಒಂದು ಡಿಗ್ರಿ ಇಳಿಸು' ಅಂತ ಒತ್ತಿದರೂ ಅದು ಸಾಮಾನ್ಯವಾಗಿ ಟೆಂಪರೇಚರ್, ಮೋಡ್, ಫ್ಯಾನ್ ವೇಗ ಎಲ್ಲವನ್ನೂ ಒಟ್ಟಿಗೆ ಒಂದೇ ಉದ್ದ ಕೋಡ್ ಮಾಡಿ ಕಳಿಸುತ್ತದೆ. ನನ್ನ ಲರ್ನಿಂಗ್ ರಿಮೋಟ್‌ಗೆ ಅಷ್ಟು ಉದ್ದದ ಕೋಡ್ ಹಿಡಿಸಲಿಲ್ಲ, ಎಷ್ಟು ಕಲಿಸಿದರೂ ಎಸಿ ಓಗೊಡಲಿಲ್ಲ. ಬ್ಲಾಸ್ಟರ್‌ನ ಆ್ಯಪ್‌ನಲ್ಲಿ ಎಸಿ ಕೋಡ್‌ಗಳು ಮೊದಲೇ ಇರುತ್ತವೆ. ನಾನು ಆಫೀಸಿನಿಂದ ಹೊರಡುವಾಗಲೇ 25 ಡಿಗ್ರಿಗೆ ಹಾಕಿಬಿಡುತ್ತೇನೆ. ಏಪ್ರಿಲ್ ಮಧ್ಯಾಹ್ನ ಅಮ್ಮ ಎಸಿ ಹಾಕದೆ ಕೂತಿರುತ್ತಾರೆ ಅನಿಸಿದರೂ ಅಲ್ಲಿಂದಲೇ ಹಾಕಬಹುದು.

ಮಧ್ಯೆ ಒಂದು ದಿನ ಯಾವ ರಿಮೋಟ್‌ಗೂ ರಿಸೀವರ್ ಏಳಲಿಲ್ಲ. ಫೋನ್‌ನ ಸೆಲ್ಫಿ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಬಟನ್ ಒತ್ತಿದೆ. ತುದಿಯಲ್ಲಿ ನಸು ನೇರಳೆ ಬೆಳಕು ಮಿಣುಕಿತು. ಅಂದರೆ ರಿಮೋಟ್ ಸರಿ ಇದೆ. ರಿಸೀವರ್ ಹತ್ತಿರ ಬಗ್ಗಿ ನೋಡಿದರೆ ಐಆರ್ ಕಿಂಡಿಯ ಮೇಲೆ ಕೆಂಪು ಧೂಳು ಪದರ ಕಟ್ಟಿದೆ. ಕಿಟಕಿ ತೆರೆದಿಟ್ಟರೆ ನಮ್ಮೂರಲ್ಲಿ ಎರಡು ದಿನ ಸಾಕು. ಒಣ ಬಟ್ಟೆಯಿಂದ ಒರೆಸಿದೆ, ಮೊದಲ ಒತ್ತಿಗೇ ಎದ್ದಿತು. ರಿಮೋಟ್ ಬದಲಿಸುವ ಮುಂಚೆ ಈ ಎರಡು ನಿಮಿಷದ ಪರೀಕ್ಷೆ ಮಾಡಿ.

ಈಗ ನಮ್ಮಲ್ಲಿ ನಿಂತಿರುವುದು ಹೀಗೆ: ಸಿಇಸಿ ಸದಾ ಆನ್, ಅಮ್ಮನ ಕೈಯಲ್ಲಿ ಲರ್ನಿಂಗ್ ರಿಮೋಟ್, ಎಸಿಗೆ ಬ್ಲಾಸ್ಟರ್. ರಿಸೀವರ್ ಪವರ್ ಕೋಡನ್ನೂ ಮ್ಯಾಕ್ರೋದಿಂದ ತೆಗೆದೆ. ಟಿವಿ ಎದ್ದರೆ ಸಿಇಸಿ ಅದನ್ನು ಎಬ್ಬಿಸುತ್ತದೆ. ಒಂದೇ ಸಾಧನಕ್ಕೆ ಪವರ್ ಹೋಗುವುದರಿಂದ ಕರೆಂಟ್ ಹೋಗಿ ಬಂದರೂ ಗೊಂದಲ ಇಲ್ಲ. ಲರ್ನಿಂಗ್ ರಿಮೋಟ್‌ನಲ್ಲಿ ಸುಮಾರು ನಲವತ್ತು ಬಟನ್ ಇವೆ, ಅಮ್ಮನಿಗೆ ಬೇಕಾದದ್ದು ಹನ್ನೊಂದು. ಉಳಿದವುಗಳಿಗೆ ಏನೂ ಕಲಿಸಿಲ್ಲ, ತಪ್ಪಿ ಒತ್ತಿದರೂ ಏನೂ ಆಗುವುದಿಲ್ಲ. ಪವರ್ ಬಟನ್ ಮೇಲೆ ಅಮ್ಮ ತಮ್ಮ ಕೆಂಪು ಬಿಂದಿ ಸ್ಟಿಕ್ಕರ್ ಒಂದು ಅಂಟಿಸಿಕೊಂಡಿದ್ದಾರೆ. ಸ್ಟಿಕ್‌ಗೆ ಹೋಗುವ ಇನ್‌ಪುಟ್ ಬಟನ್ ಮೇಲೆ ಹಸಿರು. ದೀಪ ಆರಿಸಿ ಸಿನಿಮಾ ನೋಡುವಾಗಲೂ ಹೆಬ್ಬೆರಳಿಗೆ ಅದು ತಾಕುತ್ತದೆ.

ಹಳೇ ರಿಮೋಟ್‌ಗಳನ್ನು ಎಸೆಯಬೇಡಿ. ಹೊಸದು ಬಿದ್ದು ಒಡೆದರೆ ಮತ್ತೆ ಕಲಿಸಲು ಅವೇ ಬೇಕು. ನಾನು ಸೆಲ್ ತೆಗೆದು, ಒಂದೊಂದರ ಹಿಂದೆ ಯಾವುದರದ್ದು ಅಂತ ಕನ್ನಡದಲ್ಲಿ ಚೀಟಿ ಅಂಟಿಸಿ, ಟಿವಿ ಕೆಳಗಿನ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.